ಇಪ್ಪತ್ತಮೂರನೆಯ ಪ್ಲೇಟಿನ ಹೆಂಗಸು

ಲಕೋಟೆಯ ಮೇಲೆ ನಮ್ಮ ಕ್ಯಾಮೆರಾ ಮೇಸ್ತ್ರಿ ಕೆಂಪು ಪೆನ್ಸಿಲಿನಲ್ಲಿ ಬರೆದದ್ದು ಎರಡೇ ಪದ: ‘ಸ್ಪಾಟಿಂಗ್ ಮಾತ್ರ’. ಅಂದರೆ ಧೂಳು ಕೂತು ಆದ ಚುಕ್ಕೆಗಳನ್ನು ಮುಚ್ಚು, ಬೇರೇನೂ ಮುಟ್ಟಬೇಡ ಅಂತ. ಓದಿ ನನಗೆ ಸಿಟ್ಟು ಬಂತು. ಚುಕ್ಕೆ ಮುಚ್ಚುವುದನ್ನು ಕೆಲಸಕ್ಕೆ ಸೇರಿ ಮೂರು ತಿಂಗಳಾದವನೂ ಮಾಡುತ್ತಾನೆ. ಪುಸ್ತಕ, ಕ್ಯಾಲೆಂಡರುಗಳ ಚಿತ್ರಗಳ ಅಚ್ಚಿಗೆ ಬೇಕಾದ ಲೋಹದ ಬ್ಲಾಕು ಮಾಡಿಕೊಡುವ ಮುಂಬಯಿಯ ವಡಾಲದ ಆ ಸ್ಟುಡಿಯೋದಲ್ಲಿ, ಚಿತ್ರ ತಿದ್ದುವ ರಿಟಚಿಂಗ್ ಮೇಜಿಗೆ ಕೂರುವವರಲ್ಲೆಲ್ಲ ಒಳ್ಳೆಯ ಕೈ ನನ್ನದು ಅಂತ ಹೆಸರಿತ್ತು. ಹೆಸರಿತ್ತು ಅನ್ನುವುದಕ್ಕಿಂತ, ಇದೆ ಅಂತ ನಾನು ನಂಬಿದ್ದೆ.

ಕೈ ಅಂದೆನಲ್ಲ, ಅದು ಎಡಗೈ. ಉಡುಪಿ ಕಡೆಯ ನಮ್ಮ ಮನೆಯಲ್ಲಿ ಎಡಗೈಯಲ್ಲಿ ಉಣ್ಣುವುದಿರಲಿ, ಯಾರಿಗಾದರೂ ಒಂದು ಹೂ ಕೊಟ್ಟರೂ ಅಮ್ಮ ಸೌಟಿನ ಹಿಡಿಯಿಂದ ಮಣಿಕಟ್ಟಿಗೆ ಬಾರಿಸುತ್ತಿದ್ದಳು. ಹಾಗಾಗಿ ಉಣ್ಣುವುದು, ಬರೆಯುವುದು, ಟಿಕೇಟಿಗೆ ಕೈ ಚಾಚುವುದು, ಎಲ್ಲ ಬಲಗೈಗೆ ಹೋಯಿತು. ಬ್ರಶ್ಶು ಮತ್ತು ಚಾಕು ಮಾತ್ರ ಎಡಗೈಯಲ್ಲೇ ಉಳಿದವು. ಹಿರಿಯರು ಯಾರಾದರೂ ಮೇಜಿನ ಬಳಿ ಬಂದು ನಿಂತರೆ ನನಗೆ ಗೊತ್ತಿಲ್ಲದೆಯೇ ಚಾಕು ಬಲಗೈಗೆ ದಾಟಿಬಿಡುತ್ತಿತ್ತು. ಮೂವತ್ತು ದಾಟಿದ, ಎರಡು ಮಕ್ಕಳ ತಂದೆ ನಾನು. ಆದರೂ ಆ ಹೆದರಿಕೆ ಹೋಗಿರಲಿಲ್ಲ.

ಲಕೋಟೆಯಲ್ಲಿದ್ದ ಚಿತ್ರಗಳು ಪ್ರಾಚೀನ ಈಜಿಪ್ಟಿನ ಗೋರಿಗಳ ಗೋಡೆಚಿತ್ರದ ಬಗೆಗಿನ ಒಂದು ಇಂಗ್ಲಿಷ್ ಪುಸ್ತಕಕ್ಕೆ. ಬರೆದವರು ಧಾರವಾಡ ಕಡೆಯ ನಿವೃತ್ತ ಪ್ರೊಫೆಸರರು, ಆಂಟಾಪ್ ಹಿಲ್‌ನಲ್ಲಿ ಮಗಳ ಸರಕಾರಿ ಕ್ವಾರ್ಟರ್ಸಿನಲ್ಲಿ ಇರುತ್ತಿದ್ದವರು. ಇದು ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ಅದಕ್ಕೆ ಸುಮಾರು ಹತ್ತು ವರ್ಷ ಹಿಂದೆ, ನೈಲ್ ನದಿಗೆ ದೊಡ್ಡ ಅಣೆಕಟ್ಟು ಬಂದು ಮುಳುಗಲಿದ್ದ ಜಾಗಗಳಲ್ಲಿ ಇರುವುದನ್ನೆಲ್ಲ ಬರೆದಿಟ್ಟುಕೊಳ್ಳಲು ಬೇರೆ ಬೇರೆ ದೇಶದ ತಂಡಗಳು ಹೋಗಿದ್ದಾಗ, ಇವರೂ ಒಂದು ತಂಡದ ಜೊತೆ ಹೋಗಿಬಂದಿದ್ದರು. ಅಲ್ಲಿ ಬಂಡೆಯೊಳಗೆ ಕೊರೆದ ಒಂದು ಸಣ್ಣ ಗೋರಿಯಲ್ಲಿ ಒಂದೇ ಒಂದು ದಿನ ಇದ್ದು, ಗಾಜಿನ ನೆಗೆಟಿವಿನ ಮೇಲೆ ಒಂದೇ ಒಂದು ಫೋಟೋ ತೆಗೆದಿದ್ದರು. ಆ ಗೋರಿ ಈಗ ನೀರಿನ ಅಡಿಯಲ್ಲಿದೆ. ಪುಸ್ತಕದಲ್ಲಿ ಅದು ಇಪ್ಪತ್ತಮೂರನೆಯ ಪ್ಲೇಟು, ಅಂದರೆ ಪುಟ ತುಂಬ ಅಚ್ಚಾಗುವ ಚಿತ್ರ.

ಮೊದಲ ದಿನ ಅವರು ಬಂದಾಗ ಕನ್ನಡದವನು ಸಿಕ್ಕ ಅಂತ ನನ್ನ ಮೇಜಿನ ಬಳಿಯೇ ಕೂತರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಭೂತಗನ್ನಡಿಯನ್ನು ಕಣ್ಣಿಗೆ ಅಂಟಿಸಿಕೊಂಡೇ ನೋಡುತ್ತಿದ್ದರು.

“ತಮ್ಮಾ, ನನ್ನ ಕಣ್ಣಂತೂ ಹ್ವಾದುವು. ಆಪರೇಶನ್ ಮಾಡಸೂಣು ಅಂತಾಳ ಮಗಳು. ಪುಸ್ತಕ ಮುಗೀಲಿ ಅಂತ ನಾ. ಇನ್ನ ಮ್ಯಾಲ ನಿಮ್ಮ ಕಣ್ಣs ನನ್ನ ಕಣ್ಣು ನೋಡ್ರಿ” ಅಂದರು.

“ಎಂತ ಯೋಚನೆ ಮಾಡ್ಬೇಡಿ ಸರ್. ನಾನು ನೋಡಿಕೊಳ್ತೇನೆ” ಅಂದೆ. ಆ ಮಾತನ್ನು ಎಷ್ಟು ಧಿಮಾಕಿನಿಂದ ಹೇಳಿದೆ ಅನ್ನುವುದು ಈಗಲೂ ಕಿವಿಗೆ ಕೇಳಿಸುತ್ತದೆ.

ಹೋಗುವ ಮುಂಚೆ ನೋಡಿ ಕಲಿಯಲಿ ಅಂತ ಈಜಿಪ್ಟಿನ ಕಲೆಯ ಮೇಲಿನ ಎರಡು ದಪ್ಪ ಸಚಿತ್ರ ಪುಸ್ತಕಗಳನ್ನು ನನ್ನ ಮೇಜಿನ ಮೇಲೆ ಬಿಟ್ಟುಹೋದರು. ಊಟದ ಹೊತ್ತಿನಲ್ಲಿ ಬಲಗೈಯಲ್ಲಿ ಚಪಾತಿ ಸುರುಳಿ ಹಿಡಿದು ಅವುಗಳ ಹಾಳೆ ತಿರುವುತ್ತಿದ್ದೆ. ಆ ಚಿತ್ರಕಾರರು ಗೋಡೆಗೆ ಕೆಂಪು ಗೆರೆಯ ಚೌಕಗಳನ್ನು ಹಾಕಿಕೊಂಡು, ಲೆಕ್ಕ ಹಿಡಿದು ಮನುಷ್ಯರನ್ನು ಬರೆಯುತ್ತಿದ್ದರಂತೆ. ಮುಖ ಪಕ್ಕಕ್ಕೆ, ಕಣ್ಣು ಮಾತ್ರ ಪೂರ್ತಿ ನಮ್ಮ ಕಡೆಗೆ. ಗಂಡಸಿಗೆ ಕೆಂಪು ಮೈ, ಹೆಂಗಸಿಗೆ ಹಳದಿ. ನನಗೆ ಬಹಳ ಇಷ್ಟವಾಯಿತು. ಇವರೂ ನಮ್ಮ ಹಾಗೆಯೇ ಕೈಕೆಲಸದವರು ಅನಿಸಿತು.

ಇಪ್ಪತ್ತಮೂರನೆಯ ಪ್ಲೇಟಿನಲ್ಲಿ ಒಬ್ಬ ಗಂಡಸು ನೈವೇದ್ಯದ ಮೇಜಿನ ಮುಂದೆ ಕೂತಿದ್ದಾನೆ. ಹಿಂದೆ ಹೆಂಡತಿ, ಅವನ ಹೆಗಲ ಮೇಲೆ ಕೈಯಿಟ್ಟು. ಅವನ ಮುಖ ಸರಿಯಾಗಿದೆ. ಅವಳಿಗೆ ಮುಖವಿಲ್ಲ. ಹಣೆಯಿಂದ ಗಲ್ಲದವರೆಗೆ ಯಾರೋ ಉಳಿಯಿಂದ ಕುಟ್ಟಿ ತೆಗೆದಿದ್ದಾರೆ. ಅಷ್ಟು ಜಾಗ ಬರೀ ಗುಂಡಿ, ನಡುನಡುವೆ ಎದ್ದ ಏಣು.

ನಮ್ಮ ಸ್ಟುಡಿಯೋದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಗಿರಾಕಿಯ ಮೂಲ ನೆಗೆಟಿವ್ ಮುಟ್ಟಬಾರದು. ಅದರಿಂದ ಬ್ರೋಮೈಡ್ ಕಾಗದದ ಮೇಲೆ ಪ್ರಿಂಟ್ ತೆಗೆದು, ಏನು ತಿದ್ದುವುದಿದ್ದರೂ ಆ ಪ್ರಿಂಟಿನ ಮೇಲೆ ತಿದ್ದಬೇಕು. ಅದನ್ನು ಮೇಸ್ತ್ರಿ, ಚಿತ್ರವನ್ನು ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆಯುವ ಜಾಲರಿಯ ಮೂಲಕ ಮತ್ತೆ ಫೋಟೋ ತೆಗೆದು ಸತುವಿನ ತಗಡಿಗೆ ಇಳಿಸುತ್ತಾನೆ. ನಾನು ಎರಡು ಪ್ರಿಂಟ್ ತೆಗೆದೆ. ಎರಡರಲ್ಲೂ ಹೆಂಗಸಿನ ಮುಖದ ಜಾಗ ಏನೂ ಬಿಡಿಸಿ ಕಾಣದ ಒಂದು ಕರಿ ಮುದ್ದೆಯಾಗಿ ಬಂತು, ಎರಡನ್ನೂ ಹರಿದು ಎಸೆದೆ. ಬ್ರೋಮೈಡಿನ ಪ್ಯಾಕೆಟ್ಟು ಮುಗಿಯಿತು, ಹೊಸದು ಬರುವುದಕ್ಕೆ ವಾರ ಅಂದರು.

ಆಗ ನನಗೆ ಹಳೆಯ ವಿದ್ಯೆ ನೆನಪಾಯಿತು. ಈ ಕೆಲಸಕ್ಕೆ ಮುಂಚೆ ಮಾಟುಂಗದ ಒಂದು ಫೋಟೋ ಸ್ಟುಡಿಯೋದಲ್ಲಿ ನೇರ ನೆಗೆಟಿವಿನ ಮೇಲೇ ಕೈ ಆಡಿಸುತ್ತಿದ್ದೆ. ಅಲ್ಲಿಗೆ ಸತ್ತವರ ಫೋಟೋ ಬರುತ್ತಿತ್ತು. ಬದುಕಿದ್ದಾಗ ಒಂದೂ ಫೋಟೋ ತೆಗೆಸಿಕೊಳ್ಳದವರು. ಚಟ್ಟಕ್ಕೆ ಏರಿಸುವ ಮುಂಚೆ ಗೋಡೆಗೆ ಒರಗಿಸಿ ತೆಗೆದದ್ದು. ಮನೆಯವರು ಗೋಡೆಗೆ ಹಾಕಿ ಹಾರ ಹಾಕಬೇಕಲ್ಲ, ಮುಚ್ಚಿದ ಕಣ್ಣು ಹೇಗೆ ಹಾಕುವುದು? ಆ ಕಣ್ಣುಗಳನ್ನು ನಾನು ತೆರೆದು ಕೊಡುತ್ತಿದ್ದೆ. ಹೆಂಡತಿಯರು, ತಾಯಂದಿರು ನೋಡಿ ಅಳುತ್ತಾ ಕೈ ಮುಗಿಯುತ್ತಿದ್ದರು. ಅಷ್ಟೆಲ್ಲ ಮಾಡಿದವನಿಗೆ ‘ಸ್ಪಾಟಿಂಗ್ ಮಾತ್ರ’ವಂತೆ!

ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಮ್ಮ ಕಡೆ ಭಿನ್ನವಾದ ಮೂರ್ತಿಯನ್ನು ಹಾಗೇ ಇಟ್ಟುಕೊಳ್ಳುವುದಿಲ್ಲ. ಸರಿ ಮಾಡಬೇಕು, ಇಲ್ಲವೇ ನೀರಿಗೆ ಬಿಡಬೇಕು. ಮುಖ ಒಡೆದ ಹೆಂಗಸನ್ನು ಅಷ್ಟು ಚಂದದ ಪುಸ್ತಕದಲ್ಲಿ ಹಾಕಿದರೆ ನೋಡುವವರಿಗೆ ಏನನಿಸೀತು? ಪ್ರೊಫೆಸರರಿಗೆ ಕಣ್ಣು ಕಾಣುವುದಿಲ್ಲ, ಪಾಪ, ಇಂಥದ್ದನ್ನು ನೋಡಿಕೊಳ್ಳಲಿಕ್ಕೇ ನನಗೆ ಹೇಳಿದ್ದು ಅಂತ ನನ್ನಷ್ಟಕ್ಕೆ ನಾನೇ ತೀರ್ಮಾನಿಸಿಕೊಂಡೆ.

ಗಾಜಿನ ನೆಗೆಟಿವನ್ನು ಇಳಿಜಾರು ಮೇಜಿಗೆ ಸಿಕ್ಕಿಸಿ, ಕೆಳಗಿನ ಕನ್ನಡಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದೆ. ನೆಗೆಟಿವಿನಲ್ಲಿ ಎಲ್ಲ ತಿರುವುಮುರುವು. ಗುಂಡಿಗಳು ತೆಳ್ಳಗೆ ಪಾರದರ್ಶಕವಾಗಿ ಕಾಣುತ್ತವೆ, ಅವನ್ನು ಬಣ್ಣ ತುಂಬಿ ಮುಚ್ಚಬೇಕು. ಏಣುಗಳು ದಟ್ಟವಾಗಿ ಕಾಣುತ್ತವೆ, ಅವನ್ನು ಚಾಕುವಿನ ತುದಿಯಿಂದ ಹೆರೆದು ತೆಳು ಮಾಡಬೇಕು. ಬಣ್ಣ ತೊಳೆದರೆ ಹೋಗುತ್ತದೆ, ಹೆರೆದದ್ದು ಮರಳಿ ಬರುವುದಿಲ್ಲ. ಎರಡು ದಿನ ಉಸಿರು ಬಿಗಿಹಿಡಿದು ಮಾಡಿದೆ. ಹಣೆ, ಮೂಗು, ತುಟಿ ಬಂದವು. ಕೊನೆಗೆ ದಪ್ಪ ಪುಸ್ತಕ ನೋಡಿಕೊಂಡು ಉದ್ದನೆಯ ಕಣ್ಣು ಹೆರೆದೆ. ಹಬ್ಬದ ದಿನದ ಸಂತೋಷವಾಯಿತು.

ಮೂರನೆಯ ದಿನ, ಬ್ಲಾಕಿನ ಅಳತೆಗೆ ಬೇಕು ಅಂತ ಪ್ರಕಾಶಕರು ಚಿತ್ರಗಳ ವಿವರಣೆ ಟೈಪು ಮಾಡಿ ಕಳಿಸಿದರು. ನನ್ನ ಇಂಗ್ಲಿಷು ನಿಧಾನ. ಇಪ್ಪತ್ತಮೂರರ ಎದುರು ಇದ್ದದ್ದನ್ನು ಮೂರು ಸಲ ಓದಿದೆ. ಹೆಂಡತಿಯ ಮುಖವನ್ನು ಹಳೆಯ ಕಾಲದಲ್ಲಿಯೇ ಬೇಕೆಂದೇ ಅಳಿಸಲಾಗಿದೆ, ಉಳಿಯ ಗುರುತುಗಳನ್ನು ಗಮನಿಸಿ, ಇಡೀ ಎಂಟನೆಯ ಅಧ್ಯಾಯ ಈ ಗುರುತುಗಳ ಬಗ್ಗೆಯೇ ಇದೆ, ಅಂತ. ಸತ್ತವರು ಆಚೆ ಲೋಕದಲ್ಲಿ ಉಸಿರಾಡುವುದು ಗೋಡೆಯ ಮೇಲಿನ ಮೂಗಿನಿಂದ ಅಂತ ಆ ಜನ ನಂಬಿದ್ದರಂತೆ. ಮುಖ ಅಳಿಸಿದರೆ ಸತ್ತವಳನ್ನು ಇನ್ನೊಮ್ಮೆ ಕೊಂದ ಹಾಗೆ. ಕೊಂದವರು ಯಾರು ಅನ್ನುವುದೇ ಆ ಮನುಷ್ಯ ವರ್ಷಗಟ್ಟಲೆ ತಲೆ ಕೆಡಿಸಿಕೊಂಡ ಪ್ರಶ್ನೆ.

ಹಾಳೆ ಕೆಳಗಿಟ್ಟು ಇಳಿಜಾರು ಮೇಜಿನಿಂದ ಗಾಜನ್ನು ಬಿಡಿಸಿದೆ. ಬಣ್ಣವನ್ನಾದರೂ ತೊಳೆಯೋಣ, ಅಷ್ಟಾದರೂ ಉಳಿದೀತು ಅಂತ ಗಾಜನ್ನು ನೀರಿನ ಟ್ರೇಗೆ ಇಳಿಸಿದೆ. ಮಳೆಗಾಲದ ಮುಂಬಯಿ, ಹತ್ತು ವರ್ಷದ ಹಳೇ ನೆಗೆಟಿವ್, ಮೇಲೆ ನನ್ನ ಚಾಕುವಿನ ಗೀರು. ಗೀರಿದ್ದ ಕಡೆಯಿಂದ ನೀರು ಒಳಗೆ ಹೊಕ್ಕು, ಗಾಜಿನ ಮೇಲೆ ಚಿತ್ರ ಹಿಡಿದಿದ್ದ ಎಮಲ್ಶನ್ ಪದರ ಉಬ್ಬಿತು. ನೋಡುತ್ತಿದ್ದ ಹಾಗೆ, ಕಾದ ಹಾಲಿನ ಕೆನೆ ಸರಿದ ಹಾಗೆ, ಮುಖದ ಜಾಗ ಮಡಿಸಿಕೊಂಡು ಎದ್ದು ನೀರಿನಲ್ಲಿ ತೇಲಿಹೋಯಿತು. ಉಳಿದದ್ದು ನಾಣ್ಯದಗಲ ಬರೀ ಗಾಜು. ಅಯ್ಯೋ ದೇವರೇ ಅಂತ ಜೋರಾಗಿಯೇ ಕೂಗಿದೆ.

ಮೇಸ್ತ್ರಿ ಡಾರ್ಕ್‌ರೂಮಿನಿಂದ ಓಡಿಬಂದ. ಮರಾಠಿಯವನು, ನನಗಿಂತ ಹತ್ತು ವರ್ಷಕ್ಕೆ ಹಿರಿಯ. ಗಾಜನ್ನು ಬೆಳಕಿಗೆ ಹಿಡಿದು ನೋಡಿದ.

“ಅರೇ ಬಾಬಾ, ಯೇ ಕ್ಯಾ ಕಿಯಾ ತೂನೇ?” ಅಂದವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿ, “ಬುಡ್ಢೇ ಕೋ ದಿಖ್ತಾ ತೋ ಹೈ ನಹೀಂ. ಪ್ರಿಂಟ್ ಪೇ ಛೇನಿ ಕೇ ನಿಶಾನ್ ಬನಾ ದೇ. ಜಾಲಿ ಲಗ್ ಗಯೀ ತೋ ಭಗವಾನ್ ಕೋ ಭೀ ಪತಾ ನಹೀಂ ಚಲೇಗಾ” ಅಂದ. ಮುದುಕರಿಗೆ ಕಣ್ಣು ಕಾಣದು, ಉಳಿಯ ಗುರುತುಗಳನ್ನು ನೀನೇ ಬರೆದುಬಿಡು, ಜಾಲರಿ ಬಿದ್ದ ಮೇಲೆ ದೇವರಿಗೂ ಗೊತ್ತಾಗದು ಅಂತ.

ಸಂಜೆ ಕುರ್ಲಾದಲ್ಲಿ ಲೋಕಲ್ ರೈಲು ಬದಲಿಸಿ ಭಾಂಡುಪಿನ ಚಾಳಿನ ನಮ್ಮ ಒಂದು ಕೋಣೆಯ ಮನೆಗೆ ಬಂದವನು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

“ನಾಳೆಯೇ ಹೋಗಿ ಹೇಳಿ ಬನ್ನಿ ಮಾರಾಯ್ರೆ. ಬೈದ್ರೆ ಬೈಯ್ಲಿ. ಅವರು ಬರೆದದ್ದನ್ನು ಅವರು ತಿದ್ದಿಕೊಳ್ತಾರೆ. ಈಗ ಹೇಳದಿದ್ರೆ ಮತ್ತೆ ಹೇಳ್ಲಿಕ್ಕೆ ಬಾಯಿ ಬರುದಿಲ್ಲ ನಿಮ್ಗೆ.”

ಅವಳು ಹೇಳಿದ್ದು ಸರಿ ಅಂತ ಗೊತ್ತಿತ್ತು. ಆದರೆ ಕೆಲಸ ಹೋದರೆ, ಹೆಸರು ಹೋದರೆ? ಹೊಸ ಬ್ರೋಮೈಡ್ ಬಂದ ದಿನ ಪ್ರಿಂಟ್ ತೆಗೆದೆ. ಮುಖದ ಜಾಗ ಕಪ್ಪಾಗಿ ಬಂತು. ಬಿಳಿ, ಬೂದು ಬಣ್ಣ ಕಲಸಿಕೊಂಡು ಕೂತೆ. ಗುರುತುಗಳು ಹೇಗಿದ್ದವು ಅಂತ ನೆನಪು ಮಾಡಿಕೊಳ್ಳಲು ನೋಡಿದೆ. ಎರಡು ದಿನ ಕಣ್ಣಿನಿಂದ ಗೇಣಿನೊಳಗೆ ಇಟ್ಟುಕೊಂಡು ಒಂದೊಂದನ್ನೇ ಮುಚ್ಚಿದ್ದವನು ನಾನು. ಒಂದೂ ನೆನಪಾಗಲಿಲ್ಲ. ಕೊನೆಗೆ ಉಳಿ ಬಿದ್ದರೆ ಹೇಗಿದ್ದೀತು ಅಂತ ಊಹಿಸಿ, ಒಂದರ ಪಕ್ಕ ಒಂದು ಏಟು ಬರೆಯುತ್ತಾ ಹೋದೆ. ಕೆಲಸ ನೋಡಿದರೆ ಸಾಚಾ ಕಲ್ಲು. ಮೇಸ್ತ್ರಿ ಬೆನ್ನು ತಟ್ಟಿದ.

ಬ್ಲಾಕ್ ತಯಾರಾಗಿ, ಆರ್ಟ್ ಪೇಪರಿನ ಮೇಲೆ ಪ್ರೂಫ್ ಒತ್ತಿದ ದಿನ ಪ್ರೊಫೆಸರರು ಛತ್ರಿ ಊರಿಕೊಂಡು ಬಂದರು. ಭೂತಗನ್ನಡಿ ಹಿಡಿದು ಬಹಳ ಹೊತ್ತು ಒದ್ದಾಡಿದರು.

“ಮಸಕು ಮಸಕು ಕಾಣ್ತದ್ರಿ ತಮ್ಮಾ. ನೀವs ನೋಡಿ ಹೇಳ್ರಿ. ಅಲ್ಲಿದ್ದಾಗ ನಂಗ ಏಟಿನ ದಿಕ್ಕಿನ ಮಹತ್ವ ತಿಳೀಲಿಲ್ಲ, ಬರಕೊಳ್ಳಲಿಲ್ಲ; ಆಮ್ಯಾಲ ಗಾಜಿನಾಗ ಬಿಡಿಸಿ ನೋಡೂದಕ್ಕ ಕಣ್ಣು ಸಾಲಲಿಲ್ಲ. ಏಟು ಒಂದs ದಿಕ್ಕಿನಾಗ ಬಿದ್ದಾವೇನು, ಹೆಂಗ ಬೇಕಾದ ಹಂಗ ಬಿದ್ದಾವೇನು?”

ಇಲ್ಲಿ ಹೇಳಬಹುದಿತ್ತು. ಬಾಯಿ ತೆರೆದೆ. “ಎಲ್ಲ ಒಂದೇ ದಿಕ್ಕಿನಲ್ಲಿ ಉಂಟು ಸರ್” ಅಂತ ಬಂತು.

“ಯಾವ ಕಡೆಯಿಂದ?”

ಪ್ರೂಫ್ ನೋಡಿದೆ. “ಮೇಲೆ ಎಡದಿಂದ, ಕೆಳಗೆ ಬಲಕ್ಕೆ.”

ಅವರು ಭೂತಗನ್ನಡಿ ಕೆಳಗಿಟ್ಟರು. “ಎಡದಿಂದ? ಖರೇನಾ? ಇನ್ನೊಮ್ಮೆ ನೋಡ್ರಿ.” ಮೇಜಿನ ಮೇಲೆ ನನ್ನ ಕಡೆಗೆ ಬಗ್ಗಿದರು. “ಬಲಗೈಯಾಂವ ಸುತ್ತಿಗಿ ಹೊಡದ್ರ ಏಟು ಬಲದಿಂದ ಎಡಕ್ಕ ಇಳೀತಾವ್ರಿ. ಇದು ಎಡಚನ ಕೆಲಸ. ಎಲ್ಲಾ ಒಂದs ದಿಕ್ಕು ಅಂದ್ರ ಒಬ್ಬನs ಮನಷ್ಯ. ದಂಡು ಬಂದು ಒಡದದ್ದಲ್ಲ! ಒಬ್ಬಾಂವ, ಒಬ್ಬನs ಕೂತು ಅಕಿ ಮುಖಾ ತಗದಾನ. ಗಂಡನ ಮುಖಾ ಮುಟ್ಟಿಲ್ಲ, ಅಕಿ ಕೈ ಮುಟ್ಟಿಲ್ಲ. ಮನಿ ಮಂದಿ ಪೈಕಿನೇ ಯಾರೋ!”

ಎದುರಿಗೆ ಮೇಜಿನ ಮೇಲೆ ನನ್ನ ಎಡಗೈ ಇತ್ತು. ಅದನ್ನು ಮೆಲ್ಲನೆ ತೊಡೆಯ ಮೇಲೆ ಇಳಿಸಿಕೊಂಡೆ.

ಮುಂದಿನ ಭಾನುವಾರ, ಎಲ್ಲ ಹೇಳಿಬಿಡುತ್ತೇನೆ ಅಂತ ಹೆಂಡತಿಗೆ ಮಾತು ಕೊಟ್ಟು ಆಂಟಾಪ್ ಹಿಲ್‌ಗೆ ಹೋದೆ. ಎರಡನೆಯ ಮಹಡಿಯ ಬಾಗಿಲು ತೆರೆದದ್ದು ಮಗಳು. ನನ್ನನ್ನು ಕಂಡದ್ದೇ ಮುಖ ಅರಳಿಸಿ, “ಬರ್ರಿ ಬರ್ರಿ. ನಿಮ್ಮ ಬಗ್ಗೆನs ಮಾತು ನಮ್ಮನ್ಯಾಗ. ಅಪ್ಪ ಈ ವಾರ ಸಣ್ಣ ಹುಡುಗರ ಗತೆ ಆಗ್ಯಾರ” ಅಂದಳು. ಪ್ರೊಫೆಸರರು ಎಂಟನೆಯ ಅಧ್ಯಾಯಕ್ಕೆ ಹೊಸದಾಗಿ ನಾಲ್ಕು ಪುಟ ಸೇರಿಸಿದ್ದರು. ತಾವು ಹೇಳುತ್ತಾ ಹೋಗಿ ಮಗಳ ಕೈಯಲ್ಲಿ ಬರೆಸಿದ್ದು. ಅದನ್ನು ಅವಳು ಇಂಗ್ಲಿಷಿನಲ್ಲಿ ಓದಿದಳು, ಅವರು ನಡುನಡುವೆ ನಿಲ್ಲಿಸಿ ನನಗೆ ಕನ್ನಡದಲ್ಲಿ ಬಿಡಿಸಿ ಹೇಳಿದರು. ಎಡಚ ಕೆಲಸಗಾರ ಅಂತ ಆ ಮನುಷ್ಯನಿಗೊಂದು ಹೆಸರನ್ನೂ ಇಟ್ಟಿದ್ದರು.

“ಮಂದಿ ಬರದದ್ದನ್ನ ಓದಿ ಓದಿ ಪಾಠಾ ಹೇಳಿ ಜೀವಾ ಸವಸಿದೆ ತಮ್ಮಾ. ನನ್ನದು ಅಂತ ಒಂದು ಹೊಸಾ ಮಾತು ಸಿಕ್ಕದ್ದು ಇದೊಂದs” ಅಂದು ನನ್ನ ಕೈ ಹಿಡಿದುಕೊಂಡರು. ಹಿಡಿದದ್ದು ಬಲಗೈಯನ್ನು.

ಚಹಾ ಕುಡಿದೆ. ಚೂಡಾ ತಿಂದೆ. ಎದ್ದು ಬಂದೆ. ದಾರಿಯುದ್ದಕ್ಕೂ ನಾಲಿಗೆಯ ತುದಿಯಲ್ಲಿದ್ದ ಮಾತು ಮೆಟ್ಟಿಲು ಇಳಿಯುವಾಗ ಗಂಟಲಿಗೆ ಇಳಿದಿತ್ತು. ಅವರ ಸಂತೋಷ ಕೆಡಿಸಬಾರದು ಅಂತ ಸುಮ್ಮನಿದ್ದೆ ಎಂದು ಮನೆಯಲ್ಲಿ ಹೇಳಿದೆ. ಹೆಂಡತಿ ನನ್ನ ತಟ್ಟೆಗೆ ಅನ್ನ ಬಡಿಸಿದಳು. ಅವರ ಸಂತೋಷಕ್ಕಲ್ಲ, ನನ್ನ ಮರ್ಯಾದೆಗೆ ಹೆದರಿ ಸುಮ್ಮನಿದ್ದೆ ಅನ್ನುವುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಪುಸ್ತಕ ಬಂತು. ದೊಡ್ಡ ಅಳತೆ, ಬಟ್ಟೆಯ ರಟ್ಟು, ಒಳಗೆ ಅರವತ್ತು ಪ್ಲೇಟು. ನನಗೊಂದು ಪ್ರತಿ ಕಳಿಸಿದ್ದರು. ಮುನ್ನುಡಿಯ ಕೊನೆಯಲ್ಲಿ, ಉಳಿಯ ಗುರುತುಗಳ ದಿಕ್ಕನ್ನು ತನಗೆ ಓದಿ ಹೇಳಿದ ವಡಾಲದ ರಿಟಚಿಂಗ್ ಕಲಾವಿದನ ಕಣ್ಣುಗಳಿಗೆ ಋಣಿ ಅಂತ ಒಂದು ಸಾಲಿತ್ತು. ಸ್ಟುಡಿಯೋದಲ್ಲಿ ಪೇಡೆ ಹಂಚಿದರು. ನಾನೂ ತಿಂದೆ.

ಅದಾಗಿ ಏಳೆಂಟು ತಿಂಗಳಿಗೆ ಒಂದು ಮಧ್ಯಾಹ್ನ. ಸೀರೆ ಅಂಗಡಿಯ ಕ್ಯಾಲೆಂಡರಿನ ಕೆಲಸ ನಡೆದಿತ್ತು. ಹುಡುಗಿಯ ಗಲ್ಲದ ಮೇಲಿನ ಒಂದು ಗೀರನ್ನು ಹೆರೆಯುತ್ತಾ ಬಗ್ಗಿದ್ದೆ. ಯಾರೋ ನಿಂತಿದ್ದಾರೆ ಅನಿಸಿತು. ಕತ್ತೆತ್ತಿದರೆ ಪ್ರೊಫೆಸರರು. ಆಪರೇಶನ್ ಆಗಿತ್ತು. ದಪ್ಪ ಗಾಜಿನ ಕನ್ನಡಕದೊಳಗೆ ಕಣ್ಣುಗಳು ದೊಡ್ಡದಾಗಿ ಕಾಣುತ್ತಿದ್ದವು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಬಗಲಲ್ಲಿ ಪುಸ್ತಕವಿತ್ತು.

ಅಷ್ಟರಲ್ಲಿ ನನ್ನ ಚಾಕು ಬಲಗೈಗೆ ದಾಟಿಬಿಟ್ಟಿತ್ತು.

ಅವರು ಮೊದಲು ಬಲಗೈಯನ್ನು ನೋಡಿದರು, ಆಮೇಲೆ ಎಡಗೈಯನ್ನು. “ಬದಲಸಬ್ಯಾಡ್ರಿ ತಮ್ಮಾ. ಆ ಕೈಯಿಂದ ಛಲೋ ಬರ್ತದ ನಿಮಗ” ಅಂದರು.

ಎದ್ದು ನಿಂತೆ. ಮೇಸ್ತ್ರಿ ದೂರದಿಂದ ನೋಡಿ ಡಾರ್ಕ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ.

“ನನ್ನ ಗಾಜು ಇಲ್ಲೇ ಉಳದದ ಅಲ್ಲ? ಅದನ್ನ ಒಯ್ಯೂಣಂತ ಬಂದೆ” ಅಂದರು.

ಕಪಾಟಿನಿಂದ ಲಕೋಟೆ ತಂದುಕೊಟ್ಟೆ. ‘ಸ್ಪಾಟಿಂಗ್ ಮಾತ್ರ’ ಅಂತ ಕೆಂಪು ಅಕ್ಷರ ಹಾಗೇ ಇತ್ತು. ಗಾಜನ್ನು ಅಂಚಿನಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದರು. ಗಂಡ, ನೈವೇದ್ಯದ ಮೇಜು, ಹೆಗಲ ಮೇಲಿನ ಕೈ, ಎಲ್ಲ ಇತ್ತು. ಮುಖದ ಜಾಗದ ಬರೀ ಗಾಜಿನಲ್ಲಿ ಹೊರಗಿನ ಹಾರ್ಬರ್ ಲೈನಿನ ರೈಲು ಕಂಬ ಕಾಣುತ್ತಿತ್ತು. ಬಹಳ ಹೊತ್ತು ಹಾಗೇ ಹಿಡಿದಿದ್ದರು.

ಆಗ ನಾನು ಎಲ್ಲ ಹೇಳಿದೆ. ಬ್ರೋಮೈಡ್ ಮುಗಿದದ್ದು, ಕಣ್ಣು ಬರೆದದ್ದು, ನೀರಿಗೆ ಹಾಕಿದ್ದು, ಬ್ರಶ್ಶಿನ ಏಟುಗಳು. ಮಾತು ಕಟ್ಟೆ ಒಡೆದು ಬಂತು, ಅಳುವೂ ಬಂತು.

ನಾನು ನಿಲ್ಲಿಸಿದ ಮೇಲೆ ಗಾಜನ್ನು ಕೆಳಗಿಳಿಸಿ, ನನ್ನ ಹತ್ತಿರ ಬಂದರು. ಬೈಯುತ್ತಾರೆ ಅಂದುಕೊಂಡೆ. ಮೊದಲ ದಿನ ಮೇಜಿನ ಬಳಿ ಕೂತಾಗಿನ ಅದೇ ದನಿಯಲ್ಲಿ ಕೇಳಿದರು: “ಆತು, ಆದದ್ದು ಆತು. ಮುಚ್ಚೂ ಮೊದಲ ಎರಡು ದಿನ ನೀವು ಅದನ್ನ ನೋಡೀರಲ್ಲ. ಈಗರೆ ಖರೇ ಹೇಳ್ರಿ. ಏಟು ಯಾವ ಕಡೆಯಿಂದ ಇದ್ದುವು?”

ಆ ಗುರುತುಗಳನ್ನು ಕಟ್ಟಕಡೆಗೆ ಕಂಡ ಮನುಷ್ಯ ನಾನು. ಗೋರಿ ನೀರಿನಲ್ಲಿ, ನೆಗೆಟಿವ್ ನನ್ನ ಕೈಯಲ್ಲಿ ಹೋಯಿತು. ಒಂದು ಸುಳ್ಳನ್ನಾದರೂ ಹೇಳಿಬಿಡಲೇ ಅನಿಸುವಷ್ಟು ಆಸೆಯಿತ್ತು ಆ ಮುಖದಲ್ಲಿ.

“ನಾನು ನೋಡ್ಲಿಲ್ಲ ಸರ್” ಅಂದೆ. “ಕಲೆ ಅಂತ ಮುಚ್ಚಿದೆ. ನೋಡ್ಲೇ ಇಲ್ಲ.”

ಅವರು ತಲೆಯಾಡಿಸಿದರು. ಗಾಜನ್ನು ಕರವಸ್ತ್ರದಲ್ಲಿ ಸುತ್ತಿ ಪುಸ್ತಕದ ನಡುವೆ ಇಟ್ಟುಕೊಂಡು, ಛತ್ರಿ ತೆಗೆದುಕೊಂಡು ಮೆಟ್ಟಿಲಿಳಿದು ಹೋದರು.